ಮೂವತ್ತೆರಡನೇ ಹೆಜ್ಜೆಯ ಕಲ್ಲು

ರೆಸೀಡಾ, ಕ್ಯಾಲಿಫೋರ್ನಿಯಾ
ಗುರುವಾರ, ನವೆಂಬರ್ 28, 1957, ಮಧ್ಯಾಹ್ನ

ಪ್ರೀತಿಯ ಅಮ್ಮ,

ನೀನು ಕೇಳಿದ್ದ ಪ್ರಶ್ನೆಗೆ ಉತ್ತರ ‘ಹೌದು’ ಎಂದೇ ಕಾಣುತ್ತದೆ. ಇದನ್ನು ಮೊದಲೇ ಬರೆದುಬಿಟ್ಟೆ, ಆಮೇಲೆ ಧೈರ್ಯ ಸಾಲದೆ ಹೋಗಬಹುದು.

ಅಪ್ಪ ಹಿತ್ತಲಲ್ಲಿ ಕಿತ್ತಳೆ ಮರದ ಕೆಳಗೆ ಕೂತಿದ್ದಾರೆ. ಆ ಹೆಂಗಸು, ನಿನ್ನ ಅನುಮಾನದ ವರ್ನಾ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಾಳೆ, ಅದೂ ನೀನು ಬಿಟ್ಟುಹೋದ ನೀಲಿ ಅಂಚಿನ ಏಪ್ರನ್ ಕಟ್ಟಿಕೊಂಡು. ಯಾವ ಡ್ರಾಯರಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತು. ನಾನು ಉಪ್ಪಿನ ಡಬ್ಬಿಗೆ ಮೂರು ಕಡೆ ಹುಡುಕಿದೆ. ಒಂಬತ್ತನೇ ವಯಸ್ಸಿನಿಂದ ಕಾನ್ವೆಂಟ್ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಸ್ವಂತ ಮನೆಯೂ ನೆಂಟರ ಮನೆಯ ಹಾಗೇ ಇರುತ್ತದೆ, ಅದನ್ನು ದೂರುತ್ತಿಲ್ಲ. (ಸ್ವಲ್ಪ ದೂರುತ್ತಿದ್ದೇನೆ.)

‘ವಕೀಲರು ಕಳಿಸಿದ ವಿಚ್ಛೇದನದ ಕಾಗದ ನನ್ನ ಮೇಜಿನ ಮೇಲಿದೆ, ಸಹಿ ಹಾಕುವ ಮೊದಲು ಒಂದು ಸಲ ನೀನು ಕಣ್ಣಾರೆ ನೋಡಿ ಬರೆ’ ಎಂದು ನೀನು ಬರೆದಿದ್ದೆ. ನೋಡುತ್ತಿದ್ದೇನೆ ಅಮ್ಮ. ನಿನ್ನೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ರಜೆಗೆ ಬಂದಾಗಿನಿಂದ ಬೇರೇನೂ ಮಾಡಿಲ್ಲ. ಸೋಮವಾರ ತರ್ಕಶಾಸ್ತ್ರದ ಪರೀಕ್ಷೆ, ಪುಸ್ತಕ ಇನ್ನೂ ಚೀಲದೊಳಗೇ ಇದೆ.

ಕಾಲೇಜು ಸೇರಿದ ಮೇಲೆ ಕೂದಲು ಗಿಡ್ಡ ಮಾಡಿಸಿಕೊಂಡೆ ಎಂದು ನಿನಗೆ ಬರೆದಿದ್ದೆನಲ್ಲ, ಕಿವಿ ಕಾಣುವಷ್ಟು ಗಿಡ್ಡ. ಬಸ್ಸಿಳಿದು ಬಂದು ಅಪ್ಪನ ಎದುರಿಗೆ ನಿಂತರೆ ‘ಬಂದ್ಯಾ ಡ್ಯಾಫ್, ಬಾ’ ಎಂದು ಬೆನ್ನು ತಟ್ಟಿದರು, ಅಷ್ಟೆ. ಸೊಂಟದವರೆಗೆ ಇದ್ದ ಜಡೆ ಇಲ್ಲದೆ ಮಗಳು ನಿಂತಿದ್ದಾಳೆ, ಒಂದು ಮಾತಿಲ್ಲ! ಸ್ವಲ್ಪ ಹೊತ್ತಿಗೆ ವರ್ನಾ ಬಂದು ‘ಅಯ್ಯೋ ಹುಡುಗಿ, ಜಡೆ ಏನು ಮಾಡಿದೆ?’ ಎಂದು ಕೂಗಿದ ಮೇಲೆ ಅಪ್ಪ ‘ಹೂಂ, ಚೆನ್ನಾಗೇ ಇದೆ, ಒಪ್ಪುತ್ತೆ’ ಅಂದರು. ಅವಳು ಹೇಳಿಕೊಡದೆ ಅವರಿಗೆ ನನ್ನನ್ನು ನೋಡಲೂ ಮನಸ್ಸಿಲ್ಲ ಎಂದಾಯಿತಲ್ಲ.

ಅವಳು ಈಗಲೂ ಅಪ್ಪ ನಟಿಸುವ ಚಿತ್ರಗಳಲ್ಲೇ ಕೆಲಸಕ್ಕಿದ್ದಾಳೆ. ಯಾವ ಶಾಟಿನಲ್ಲಿ ಯಾರ ಟೋಪಿ ಯಾವ ಕಡೆಗೆ ವಾಲಿತ್ತು, ಸಿಗಾರು ಎಷ್ಟು ಉರಿದಿತ್ತು ಎಂದು ಬರೆದಿಡುವ ಅದೇ ಕೆಲಸ, ಕುತ್ತಿಗೆಗೆ ಶಾಟಿನ ಹೊತ್ತು ಅಳೆಯುವ ಅದೇ ಸ್ಟಾಪ್‌ವಾಚ್ ಗಡಿಯಾರ. ಬೆಳಿಗ್ಗೆ ಬಂದು ಅಪ್ಪನನ್ನು ಕಾರಿನಲ್ಲಿ ಕರೆದುಕೊಂಡು ಹೋಗುವುದೂ ಅವಳೇ, ಸಂಜೆ ತಂದು ಬಿಡುವುದೂ ಅವಳೇ. ಅಪ್ಪನ ಕಾರು ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದೆ. ಯಾಕೆಂದರೆ ‘ಪೆಟ್ರೋಲು ದಂಡ’ ಅನ್ನುತ್ತಾರೆ. ಎರಡು ವರ್ಷದಿಂದ ಅವರ ಪತ್ರಗಳೆಲ್ಲ ಟೈಪು ಮಾಡಿದವು; ಸಹಿ ಒಂದು ಮಾತ್ರ ಕೈಯದು, ಅದೂ ಗೆರೆಯಿಂದ ಕೆಳಗೆ ಜಾರಿರುತ್ತದೆ. ಕುಡಿದು ಸಹಿ ಹಾಕುತ್ತಾರೆ ಎಂದುಕೊಂಡಿದ್ದೆ. ಮನೆಯಲ್ಲಿ ಬಾಟಲಿ ಹುಡುಕಿದೆ, ಸಿಗಲಿಲ್ಲ. ಅವಳ ಕಾರಿನಲ್ಲಿ ಇರಬಹುದು.

ಇನ್ನೊಂದು ವಿಷಯ. ಶನಿವಾರ ಮಧ್ಯಾಹ್ನ ನಮ್ಮ ಹಾಸ್ಟೆಲಿನ ಟೆಲಿವಿಷನ್‌ನಲ್ಲಿ ಹಳೆಯ ವೆಸ್ಟರ್ನ್ ಚಿತ್ರ ಹಾಕುತ್ತಾರೆ. ಎರಡು ವಾರಕ್ಕೊಮ್ಮೆಯಾದರೂ ಅಪ್ಪ ಇದ್ದೇ ಇರುತ್ತಾರೆ. ಹುಡುಗಿಯರು ಮಹಡಿ ಮೆಟ್ಟಿಲ ಬುಡದಿಂದ ‘ಡ್ಯಾಫ್ನಿ, ಬೇಗ ಬಾರೇ, ನಿಮ್ಮಪ್ಪ ಮತ್ತೆ ಸಾಯ್ತಿದ್ದಾನೆ!’ ಎಂದು ಕೂಗುತ್ತಾರೆ. ನಾಯಕ ಯಾರೇ ಆಗಲಿ, ಅವನ ಗುಂಡಿಗೆ ಮೊದಲು ಬೀಳುವವರು ನಮ್ಮಪ್ಪ. ನಾನೀಗ ಆ ಚಿತ್ರಗಳನ್ನು ಸಾಕ್ಷಿಯ ಹಾಗೆ ನೋಡುತ್ತೇನೆ. ನಾನು ಹುಟ್ಟುವ ಮುಂಚಿನವುಗಳಲ್ಲಿ ಅಪ್ಪ ಮಾಳಿಗೆಯಿಂದ ಕುದುರೆಯ ಬೆನ್ನಿಗೆ ಹಾರುತ್ತಾರೆ, ಬೂಟಿಗೆ ಗೀರಿ ಬೆಂಕಿಕಡ್ಡಿ ಹೊತ್ತಿಸುತ್ತಾರೆ, ಬಾರಿನ ಮೇಲಿಂದ ಜಾರಿ ಬಂದ ಗ್ಲಾಸನ್ನು ನೋಡದೆಯೇ ಹಿಡಿಯುತ್ತಾರೆ. ಈಚಿನವುಗಳಲ್ಲಿ ಬರೀ ಕೂತಿರುತ್ತಾರೆ. ಇಸ್ಪೀಟು ಮೇಜಿನ ಹಿಂದೆ, ಸಾರೋಟಿನೊಳಗೆ, ಜೈಲಿನ ಬೆಂಚಿನ ಮೇಲೆ. ಕುದುರೆ ಇದ್ದರೆ ಲಗಾಮು ಇನ್ನೊಬ್ಬನ ಕೈಯಲ್ಲಿ. ಎದುರಿಗಿದ್ದವನ ಮುಖವನ್ನೂ ನೋಡುವುದಿಲ್ಲ, ಅವನ ಕಿವಿಯ ಆಚೆ ಎಲ್ಲೋ ನೋಡುತ್ತಾರೆ. ಪತ್ರಿಕೆಯವರು ‘ರಕ್ತ ಹೆಪ್ಪುಗಟ್ಟಿಸುವ ಹಾವಿನ ನೋಟ’ ಎಂದು ಹೊಗಳಿದ್ದನ್ನು ಅಪ್ಪ ಕತ್ತರಿಸಿ ಇಟ್ಟುಕೊಂಡಿದ್ದಾರೆ. ನನಗೆ ಅದು ಹಾವಲ್ಲ. ಮನಸ್ಸು ಬೇರೆ ಎಲ್ಲೋ ಇರುವ ಮನುಷ್ಯನ ನೋಟ.

ಈಗ ಇವತ್ತಿನ ಊಟ. ತಟ್ಟೆಗೆ ಬಡಿಸಿ ಅಪ್ಪನ ಮುಂದಿಡುವಾಗ ಅವಳು ಮೆಲ್ಲಗೆ ‘ಟರ್ಕಿ ಕೋಳಿ ಹನ್ನೆರಡಕ್ಕೆ, ಆಲೂಗಡ್ಡೆ ಮೂರಕ್ಕೆ, ಬಟಾಣಿ ಒಂಬತ್ತಕ್ಕೆ’ ಎಂದಳು. ಅಪ್ಪ ಗಂಭೀರವಾಗಿ ತಲೆಯಾಡಿಸಿದರು. ಏನಿದು ಎಂದು ಕೇಳಿದರೆ ಇಬ್ಬರೂ ನಕ್ಕರು. ‘ನಮ್ಮ ಸೆಟ್ಟಿನ ತಮಾಷೆ ಕಣೇ’ ಅಂದರು ಅಪ್ಪ. ನಗದೆ ಉಳಿದವಳು ನಾನೊಬ್ಬಳೇ.

ಕೊನೆಯದು ಎಲ್ಲಕ್ಕಿಂತ ಕೆಟ್ಟದ್ದು. ನಿನ್ನೆ ಅಪ್ಪನ ಜೊತೆ ಚಾಟ್ಸ್‌ವರ್ತ್ ಬೆಟ್ಟದ ಹಿಂದೆ ಸಿನಿಮಾಕ್ಕೆಂದೇ ಕಟ್ಟಿದ ಬೀದಿಗೆ ಹೋಗಿದ್ದೆ. ಅಲ್ಲಿ ನನಗೆ ಕಾಫಿ ಕೊಟ್ಟು ಮಾತಾಡಿಸಿದವನು ಕುದುರೆ ನೋಡಿಕೊಳ್ಳುವ ಎಮೆಟ್ ಒಬ್ಬನೇ. ‘ನಿಮ್ಮಪ್ಪ ಸತ್ತಷ್ಟು ಸಲ ನಾನು ಸ್ನಾನ ಮಾಡಿಲ್ಲ ಮಗಳೇ. ಈ ಸಲ ನೋಡು, ಕೊನೇ ಸೀನ್‌ವರೆಗೂ ಬದುಕಿರ್ತಾನೆ. ಹೊಸಾ ಬೂಟು ಬೇರೆ, ತಳ ನೋಡಿದೀಯಾ? ಡ್ಯಾನ್ಸ್ ಮಾಡೋರ ಬೂಟಿನ ಥರ, ಕಾಗದದಷ್ಟು ತೆಳು. ಮುದುಕನಿಗೆ ಶೋಕಿ!’ ಎಂದ. ಶೋಕಿ ಯಾರಿಗಾಗಿ ಎಂದು ನಾನು ಕೇಳಲಿಲ್ಲ. ಅಷ್ಟರಲ್ಲಿ ವರ್ನಾ ಬೂಟಿನ ದಾರ ಕಟ್ಟುವವಳ ಹಾಗೆ ಬೀದಿಯ ನಡುವೆ ಬಗ್ಗಿದಳು. ಏಪ್ರಿಕಾಟ್ ಗಾತ್ರದ ಒಂದು ಚಪ್ಪಟೆ ಕಲ್ಲನ್ನು ಮಣ್ಣಿನಲ್ಲಿ ಒತ್ತಿದಳು, ಸುತ್ತ ನೋಡಿದಳು, ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಪ್ಪ ಅಲ್ಲಿಗೇ ನಡೆದು ಬಂದು, ಬೂಟಿನ ತುದಿಯಿಂದ ಆ ಕಲ್ಲನ್ನು ಮುಟ್ಟಿ, ನಿಂತರು. ಮುಖದಲ್ಲಿ ಎಂಥ ನೆಮ್ಮದಿ ಅಂದರೆ, ಅಮ್ಮ, ನಾನು ಬಂದಾಗ ಆ ಮುಖ ಹಾಗಾಗಲಿಲ್ಲ.

ಕಾನ್ವೆಂಟಿನಲ್ಲಿ ದೊಡ್ಡ ಹುಡುಗಿಯರು ಕಾಂಪೌಂಡ್ ಗೋಡೆಯ ಮೇಲೆ ಬೆಣಚುಕಲ್ಲು ಇಡುತ್ತಿದ್ದರು, ಹಾಲು ತರುವವನ ಮಗನಿಗೆ. ಕಲ್ಲಿದ್ದರೆ ಬಾ, ಇಲ್ಲದಿದ್ದರೆ ಬರಬೇಡ. ಆ ಭಾಷೆ ನನಗೆ ಹೊಸದಲ್ಲ. ಶನಿವಾರ ಮತ್ತೆ ಹೋಗುತ್ತೇನೆ. ಆ ಕಲ್ಲನ್ನು ಎತ್ತಿಬಿಡುತ್ತೇನೆ.

ಅವಳು ಕುಂಬಳದ ಪೈ ತಿನ್ನಲು ಕರೆಯುತ್ತಿದ್ದಾಳೆ. ಉಳಿದದ್ದು ಆಮೇಲೆ.

ಭಾನುವಾರ, ಡಿಸೆಂಬರ್ 1, ಬೆಳಿಗ್ಗೆ

ಅಮ್ಮ, ಮೇಲಿನ ಪುಟಗಳನ್ನು ಹರಿದುಹಾಕಬೇಕು ಎಂದುಕೊಂಡೆ. ಎರಡು ಸಲ ಒಲೆಯವರೆಗೂ ಹೋದೆ. ಆದರೆ ಅವಿಲ್ಲದಿದ್ದರೆ ನಾನು ಯಾಕೆ ಹಾಗೆ ಮಾಡಿದೆ ಎಂದು ನಿನಗೆ ಅರ್ಥವಾಗುವುದಿಲ್ಲ. ಇರಲಿ. ‘ಆ ಹೆಂಗಸು’ ಎಂದು ಬರೆದ ಕಡೆಯೆಲ್ಲ ನಾಚಿಕೆಯಿಂದ ಓದಿಕೋ.

ಮೊದಲು ಇದು: ಅಪ್ಪ ಕ್ಷೇಮ. ಎಡಭುಜ ಕೀಲು ತಪ್ಪಿತ್ತು, ಕೂರಿಸಿ ಬಟ್ಟೆ ಕಟ್ಟಿದ್ದಾರೆ.

ನಿನ್ನೆ ಚಿತ್ರದ ದೊಡ್ಡ ದೃಶ್ಯ. ಅಪ್ಪ ಹೆಂಡದಂಗಡಿಯ ಬಾಗಿಲಿನಿಂದ ಹೊರಟು, ಒಬ್ಬರೇ, ನಿಧಾನವಾಗಿ ಬೀದಿಯ ನಡುವೆ ಬಂದು ನಿಲ್ಲಬೇಕು. ಅವರು ನಿಂತ ಕೂಡಲೇ ಮೂಗಿನ ಮುಂದೆ ನಾಲ್ಕು ಕುದುರೆಯ ಸಾರೋಟು ಹಾದುಹೋಗಬೇಕು. ಅದು ದಾಟಿದಾಗ ಆಚೆ ಕಡೆ ನಾಯಕ ನಿಂತಿರಬೇಕು. ಇಪ್ಪತ್ತಾರು ವರ್ಷದ ಕೆಲಸದಲ್ಲಿ ಇಷ್ಟು ಹೊತ್ತು ಕ್ಯಾಮೆರಾ ಅಪ್ಪನೊಬ್ಬರನ್ನೇ ನೋಡಿದ್ದು ಇದೇ ಮೊದಲು. ಬೆಳಿಗ್ಗೆ ಅಭ್ಯಾಸದಲ್ಲಿ ಮೂರು ಸಲ ನಡೆದರು. ಮೂರು ಸಲವೂ ಒಂದು ಬೆರಳು ಆಚೀಚೆಯಿಲ್ಲದೆ ಅಲ್ಲೇ ನಿಂತರು. ಕ್ಯಾಮೆರಾದವರು ಅಪ್ಪನನ್ನು ನೋಡಿ ‘ಹ್ಯಾಸ್ಕೆಟ್ ಕಾಲಿಗೆ ಅಳತೆಪಟ್ಟಿ ಕಟ್ಟಿದಾರೆ ಕಣ್ರೋ’ ಅಂದರು.

ಊಟಕ್ಕೆ ಎಲ್ಲರೂ ಬೀನ್ಸಿನ ಕಡಾಯಿ ಕಡೆಗೆ ಹೋದರು. ಬೀದಿ ಖಾಲಿಯಾಯಿತು. ಆ ಕಲ್ಲನ್ನು ತೆಗೆದು ನನ್ನ ಕೋಟಿನ ಜೇಬಿಗೆ ಹಾಕಿಕೊಂಡೆ.

ಮಧ್ಯಾಹ್ನಕ್ಕೆ ಬೆಟ್ಟದ ಕಡೆಯಿಂದ ಬಿಸಿಗಾಳಿ ಎದ್ದಿತು. ಧೂಳು ಚೆನ್ನಾಗಿ ಕಾಣುತ್ತದೆ, ಈಗಲೇ ತೆಗೆದುಬಿಡೋಣ ಎಂದು ನಿರ್ದೇಶಕ ಕ್ರಿಲ್ ಅವಸರ ಮಾಡಿದರು. ಅಪ್ಪ ಬಾಗಿಲು ತಳ್ಳಿಕೊಂಡು ಬಂದರು. ನಾನು ಎಣಿಸಲಿಲ್ಲ, ನಗುತ್ತಿದ್ದೆ; ಈಗ ಏನು ಮಾಡುತ್ತೀರೋ ನೋಡೋಣ ಎಂದು. ಅಪ್ಪ ಬಂದರು, ನಿಲ್ಲಬೇಕಾದ ಜಾಗಕ್ಕೆ ಬಂದರು, ಬೂಟಿನ ತುದಿಯಿಂದ ಮಣ್ಣನ್ನು ತಡವಿದರು. ಮತ್ತೆ ಒಂದು ಹೆಜ್ಜೆ ಇಟ್ಟರು. ಮತ್ತೆ ತಡವಿದರು. ಇನ್ನೊಂದು ಹೆಜ್ಜೆ. ಸಾರೋಟು ತಿರುವಿನಿಂದ ಆಗಲೇ ಬಂದಾಗಿತ್ತು. ‘ಆರಿನ್! ನಿಲ್ಲು!’ ಎಂದು ವರ್ನಾ ಅಪ್ಪನ ಹೆಸರು ಹಿಡಿದು ಚೀರಿದರು, ಕೈಯಲ್ಲಿದ್ದ ಪುಸ್ತಕ ಗಾಳಿಗೆ ಹಾರಿ ಹೋಯಿತು. ಸಾರೋಟು ಓಡಿಸುತ್ತಿದ್ದ ಎಮೆಟ್ ಮುಂದಿನ ಕುದುರೆಗಳ ಬಾಯಿ ಹರಿಯುವ ಹಾಗೆ ಲಗಾಮು ಜಗ್ಗಿದ. ಗಾಡಿಯ ಮೂಕಿಮರ ಅಪ್ಪನ ಭುಜಕ್ಕೆ ಬಡಿಯಿತು. ಅಪ್ಪ ಬಿದ್ದರು. ಹಾಸ್ಟೆಲಿನಲ್ಲಿ ಅವರು ಬೀಳುವುದನ್ನು ನಾನು ಎಷ್ಟು ಸಲ ನೋಡಿದ್ದೇನೆ. ಇದು ಹಾಗಿರಲಿಲ್ಲ. ತುಂಬ ಕೆಟ್ಟದಾಗಿ, ಚೀಲದ ಹಾಗೆ ಬಿದ್ದರು.

ಕ್ರಿಲ್ ಓಡಿ ಬಂದು ಮೊದಲು ಅಪ್ಪನ ಬಾಯಿ ಮೂಸಿ ನೋಡಿದರು. ‘ಬೆಳಿಗ್ಗೇನೇ ಶುರು ಮಾಡಿದ್ಯಾ ಆರಿನ್?’ ಎಂದರು. ವಾಸನೆ ಇರಲಿಲ್ಲ. ಆಮೇಲೆ ನೆಲ ನೋಡಿ ‘ಇವನ ಗುರುತು ಎಲ್ಲಿ?’ ಎಂದರು. ನಟರು ನಿಲ್ಲಬೇಕಾದ ಜಾಗಕ್ಕೆ ನೆಲದ ಮೇಲೊಂದು ಗುರುತು ಇರುತ್ತದೆ; ಉಳಿದವರದನ್ನೆಲ್ಲ ಕ್ಯಾಮೆರಾ ಹುಡುಗರು ಇಡುತ್ತಾರೆ, ಅಪ್ಪನದನ್ನು ಮಾತ್ರ ವರ್ನಾ ಹಟ ಹಿಡಿದು ತಾವೇ ಇಡುತ್ತಿದ್ದರಂತೆ. ಎಲ್ಲರೂ ಅವರ ಕಡೆ ನೋಡಿದರು. ವರ್ನಾ ಖಾಲಿ ನೆಲವನ್ನು ಒಂದು ಗಳಿಗೆ ನೋಡಿ, ‘ಊಟ ಆದ್ಮೇಲೆ ಮತ್ತೆ ಇಡೋದು ಮರೆತೆ’ ಎಂದರು.

‘ಮರೆತ್ಯಾ? ಮರೀಬಾರದು ಅಂತಲೇ ನಿನಗೆ ಸಂಬಳ ಕೊಡೋದು ಕಣಮ್ಮ! ಸತ್ತಿದ್ರೆ ಏನು ಗತಿ? ಗಡಿಯಾರ ಬಿಚ್ಚಿಡು. ಸೋಮವಾರದಿಂದ ಬರಬೇಡ.’

ಅವರು ಗಡಿಯಾರ ಬಿಚ್ಚಿ ಕುರ್ಚಿಯ ಮೇಲಿಟ್ಟರು. ನಾನು ನನ್ನ ಜೇಬಿನ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ. ಎಮೆಟ್ ಒಮ್ಮೆ ನನ್ನ ಕೈಯನ್ನು ನೋಡಿದ. ಅವನಿಗೆ ಗೊತ್ತಿರಬಹುದು, ಇಲ್ಲದಿರಬಹುದು. ಆಗಿನಿಂದ ಎಲ್ಲರೂ ನನ್ನ ಜೇಬನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ, ಪಕ್ಕದ ಮನೆಯವರು ಕೂಡ.

ಡಾಕ್ಟರ ಹತ್ತಿರ ಭುಜ ಕೂರಿಸಿದ ಮೇಲೆ ನರ್ಸು ಒಂದು ಫಾರಂ ತಂದಳು. ವರ್ನಾ ಗೆರೆಯ ಮೇಲೆ ತಮ್ಮ ತೋರುಬೆರಳಿಟ್ಟು ಅಪ್ಪನ ಬಲಗೈಗೆ ತಾಗಿಸಿದರು, ಅಪ್ಪ ಆ ಬೆರಳಿನ ಪಕ್ಕದಲ್ಲಿ ಪೆನ್ನು ಊರಿ ಸಹಿ ಮಾಡಿದರು. ಅದೇ ಸಹಿ ಅಮ್ಮ, ಗೆರೆಯಿಂದ ಜಾರಿದ್ದು. ಎಲ್ಲ ಒಟ್ಟಿಗೆ ಬಂದು ನನ್ನ ಎದೆಗೆ ಗುದ್ದಿತು: ಜಡೆ, ತಟ್ಟೆ, ತೆಳು ಬೂಟು, ಕಿವಿಯಾಚೆಯ ನೋಟ.

‘ಅಪ್ಪ, ನಿಮಗೆ ಕಣ್ಣು ಕಾಣಲ್ವಾ?’ ಎಂದೆ. ಜೋರಾಗಿಯೇ ಕೇಳಿಬಿಟ್ಟೆ. ವರ್ನಾ ಬಾಗಿಲು ಹಾಕಿದರು.

‘ಕಾಣುತ್ತೆ, ಅಂಚಿನಲ್ಲಿ ಒಂಚೂರು. ನಡುವೆಲ್ಲ ಬೂದಿ. ಧೂಳೆದ್ರೆ ಅಂಚೂ ಇಲ್ಲ. ಎದುರಿಗಿರೋನ ಮುಖ ಸ್ವಲ್ಪ ಸಿಗಲಿ ಅಂತ ಪಕ್ಕಕ್ಕೆ ನೋಡ್ತೀನಿ, ಪೇಪರಿನೋರು ಅದಕ್ಕೆ ಹಾವು ಅಂತ ಹೆಸರಿಟ್ಟರು’ ಎಂದು ನಕ್ಕರು. ಹೆಜ್ಜೆ ಎಣಿಸುತ್ತಾರಂತೆ. ಹೆಂಡದಂಗಡಿಯ ಬಾಗಿಲಿನಿಂದ ಮೂವತ್ತೆರಡು. ಗಾಳಿ ಬೀಸಿದರೆ ಹೆಜ್ಜೆ ಚಿಕ್ಕದಾಗುತ್ತದೋ ದೊಡ್ಡದಾಗುತ್ತದೋ ನಂಬಲಾಗದು, ಅದಕ್ಕೇ ಕೊನೆಯಲ್ಲಿ ಕಲ್ಲು, ಅದನ್ನು ಕಂಡುಕೊಳ್ಳಲು ಆ ತೆಳು ತಳ. ಸಂಭಾಷಣೆಯನ್ನು ವರ್ನಾ ಓದಿ ಹೇಳುತ್ತಾರೆ, ಅಪ್ಪ ಕೇಳಿ ಕಲಿಯುತ್ತಾರೆ. ತಟ್ಟೆಯಲ್ಲಿ ಏನು ಎಲ್ಲಿದೆ ಎಂದು ಗಡಿಯಾರದ ಅಂಕಿಗಳ ಲೆಕ್ಕದಲ್ಲಿ ಹೇಳುವುದೂ ಅವರೇ. ‘ವಿಮೆ ಕಂಪನಿಯೋನು ಕುರುಡನ್ನ ಕುದುರೆಗಳ ಮಧ್ಯೆ ನಿಲ್ಲಿಸ್ತಾನಾ? ಗೊತ್ತಾದ ದಿನವೇ ನನ್ನ ಬೂಟು ಇನ್ನೊಬ್ಬನ ಕಾಲಿಗೆ. ಇನ್ನು ಮೂರು ದಿನದ ಕೆಲಸ ಇದೆ ಡ್ಯಾಫ್. ಮೂರೇ ದಿನ. ಒಂದು ಸಲ ನೆಟ್ಟಗೆ ನಡೆದು ಹೋಗಿ ಸಾಯ್ತೀನಿ, ಬಿಡು.’

ನಾನು ವರ್ನಾ ಅವರನ್ನು ಯಾಕೆ ಇದೆಲ್ಲ ಮಾಡಿದಿರಿ ಎಂದು ಕೇಳಿದೆ. ‘ಹದಿನೆಂಟು ವರ್ಷದಿಂದ ಇವನು ಹೇಗೆ ಕಾಣ್ತಾನೆ ಅಂತ ಬರೆದಿಡ್ತಿದ್ದೀನಿ. ಇವನಿಗೇನು ಕಾಣ್ತಿಲ್ಲ ಅನ್ನೋದು ನನಗೆ ಗೊತ್ತಾಗದೆ ಇರುತ್ತಾ?’ ಎಂದರು. ಅಷ್ಟೇ ಕಾರಣವೋ, ಇನ್ನೂ ಏನಾದರೂ ಇದೆಯೋ, ನಾನು ಪ್ರಮಾಣ ಮಾಡಲಾರೆ. ನೀನು ಕೇಳಿದ್ದು ಕಣ್ಣಾರೆ ಕಂಡದ್ದನ್ನು. ಕಂಡದ್ದು ಇಷ್ಟು.

ಮೂರು ವರ್ಷದ ಹಿಂದೆ ವೆಂಚುರಾ ಬೀದಿಯಲ್ಲಿ ಅವರು ಅಪ್ಪನ ತೋಳು ಹಿಡಿದು ರಸ್ತೆ ದಾಟಿಸುವುದನ್ನು ನೀನು ನೋಡಿದೆ. ಅಪ್ಪನಿಗೆ ಅದು ಗೊತ್ತಿತ್ತು. ಯಾಕೆ ಬಿಡಿಸಿ ಹೇಳಲಿಲ್ಲ ಎಂದೆ. ‘ಕೆಟ್ಟವನ ಪಾತ್ರ ನನಗೆ ಚೆನ್ನಾಗಿ ಬರುತ್ತೆ. ನಿಮ್ಮಮ್ಮನಿಗೆ ಈ ಊರು ಒಂದು ದಿನವೂ ಹಿಡಿಸಲಿಲ್ಲ. ಕೆಟ್ಟ ಗಂಡನ್ನ ಬಿಟ್ಟು ಹೋಗಬಹುದು, ಕುರುಡನ್ನ ಬಿಟ್ಟು ಹೋಗೋಕೆ ಅವಳ ಕೈಲಿ ಆಗ್ತಿರಲಿಲ್ಲ’ ಎಂದರು. ನನಗೆ ಅಪ್ಪನ ಮೇಲೆ ಕೋಪ ಬಂತು. ನಿನ್ನ ಮೂರು ವರ್ಷ, ನನ್ನ ಮೂರು ವರ್ಷ ಅವರೊಬ್ಬರೇ ಕೂತು ತೀರ್ಮಾನಿಸಿದರಲ್ಲ ಎಂದು. ನಿನಗೂ ಬರಲಿ.

ಈಗ ನಿನಗೆ ಮಾತ್ರ ಹೇಳುವುದು. ವರ್ನಾ ತಪ್ಪು ಮಾಡಿಲ್ಲ ಎಂದು ನಾನು ಕ್ರಿಲ್ ಅವರಿಗೆ ಹೇಳಬೇಕಾದರೆ, ಒಂದು ಕಲ್ಲಿಲ್ಲದೆ ಅಪ್ಪ ಯಾಕೆ ಗಾಡಿಗೆ ಅಡ್ಡ ನಡೆದರು ಎಂಬುದನ್ನೂ ಹೇಳಬೇಕು. ಒಬ್ಬರನ್ನು ಉಳಿಸಲು ಹೋದರೆ ಇನ್ನೊಬ್ಬರು ಮುಳುಗುತ್ತಾರೆ. ರಾತ್ರಿಯೆಲ್ಲ ಯೋಚಿಸಿ, ಸುಮ್ಮನಿರುವುದೆಂದು ತೀರ್ಮಾನಿಸಿದೆ. ವರ್ನಾ ಬೇಕರ್ಸ್‌ಫೀಲ್ಡಿನ ತಂಗಿಯ ಮನೆಗೆ ಹೋಗುತ್ತಾರಂತೆ. ತಾವು ಕಲ್ಲು ಇಟ್ಟಿದ್ದು ಅವರಿಗೆ ಚೆನ್ನಾಗಿ ನೆನಪಿದೆ, ನನಗೆ ಗೊತ್ತು. ಹೊರಡುವಾಗ ನನ್ನನ್ನು ಒಂದು ಗಳಿಗೆ ಹೆಚ್ಚಾಗಿ ನೋಡಿದರು. ಅವರು ನೋಡುವುದನ್ನು ಮರೆಯುವವರಲ್ಲ. ಆದರೂ ಬಾಯಿ ಬಿಡಲಿಲ್ಲ.

ನನ್ನನ್ನು ಬೈದು ಬರೆ, ದಯವಿಟ್ಟು. ಆ ಕಾಗದಕ್ಕೆ ಸಹಿ ಹಾಕುವುದು ಬಿಡುವುದು ನಿನಗೆ ಸೇರಿದ್ದು, ನಾನು ಒಂದು ಮಾತೂ ಹೇಳುವುದಿಲ್ಲ.

ಬೇಹುಗಾರಿಕೆಗೆ ಇಂದೇ ರಾಜೀನಾಮೆ ಕೊಟ್ಟ
ನಿನ್ನ ಡ್ಯಾಫ್ನಿ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇಷ್ಟು. ನಿನಗೆ ಕಣ್ಣಿನ ವಿಷಯ ಬರೆಯಲು ಅಪ್ಪ ಒಪ್ಪಿದ್ದು ಒಂದು ಷರತ್ತಿನ ಮೇಲೆ, ಪತ್ರವನ್ನು ಅವರಿಗೆ ಓದಿ ಹೇಳಬೇಕು ಎಂದು. ಈಗ ತಾನೇ ಕಿತ್ತಳೆ ಮರದ ಕೆಳಗೆ ಕೂತು ಸಹಿಯವರೆಗೆ ಎಲ್ಲ ಓದಿದೆ. ಗುರುವಾರದ್ದನ್ನೂ ಓದಿದೆ. ತಟ್ಟೆಯ ಗಡಿಯಾರದ ಕಡೆ ಬಂದಾಗ ಭುಜದ ನೋವಲ್ಲೂ ನಕ್ಕರು. ಕಲ್ಲು ಎತ್ತುವ ಕಡೆ, ಜೇಬಿನ ಕಡೆ, ಕೊನೆಯಲ್ಲಿ ‘ನಿನಗೆ ಮಾತ್ರ’ ಎಂದಿರುವ ಕಡೆ ಮಾತ್ರ ನುಂಗಿ ಮುಂದಕ್ಕೆ ಹೋದೆ.

ಓದಿ ಮುಗಿದ ಮೇಲೆ ‘ನಾಲ್ಕು ಕಡೆ ಬಿಟ್ಟೆ’ ಎಂದರು. ‘ಗುರುವಾರದ್ದರ ಕೊನೇಲಿ ಒಂದು. ಎಲ್ಲರೂ ಊಟಕ್ಕೆ ಹೋದ ಮೇಲೆ ಒಂದು. ವರ್ನಾ ಗಡಿಯಾರ ಬಿಚ್ಚಿಟ್ಟ ಮೇಲೆ ಒಂದು. ಸಹಿಗೆ ಮುಂಚೆ ದೊಡ್ಡದೊಂದು. ಉಸಿರು ತಗೋಬೇಕಾದ ಜಾಗದಲ್ಲಿ ತಗೊಳ್ಳಲಿಲ್ಲ ನೀನು. ಇಪ್ಪತ್ತಾರು ವರ್ಷ ಬೇರೆಯೋರ ಮಾತು ಮುಗಿಯೋದನ್ನ ಕಾದು ನನ್ನ ಮಾತು ಹೇಳಿದೋನು ಕಣೇ ನಾನು. ನುಂಗಿದ ಸಾಲು ನನಗೆ ಕೇಳಿಸುತ್ತೆ. ಓದು.’

ಓದಲಾಗಲಿಲ್ಲ. ಜೇಬಿನಿಂದ ಕಲ್ಲು ತೆಗೆದು ಅವರ ಅಂಗೈಯಲ್ಲಿಟ್ಟೆ. ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು. ‘ಇಷ್ಟು ಚಿಕ್ಕದಾ? ಕಾಲಿಗೆ ದೊಡ್ಡದಾಗಿ ಸಿಗ್ತಿತ್ತು’ ಎಂದರು. ಬೈಯಲಿಲ್ಲ. ಕಪಾಟಿನ ಕೆಳಗಿರುವ ತಮ್ಮ ಹಳೆಯ ಬೂಟು ತೆಗೆದು ಒರೆಸಿಡು ಎಂದರು. ದಪ್ಪ ತಳದ್ದು. ಕಣ್ಣಿನ ವಿಷಯ ತಾವೇ ಹೇಳಲು ನಾಳೆ ಎಂಟಕ್ಕೆ ಕ್ರಿಲ್ ಅವರ ಆಫೀಸಿಗೆ ಹೋಗಬೇಕಂತೆ, ವರ್ನಾಗೆ ಫೋನು ಮಾಡಕೂಡದಂತೆ, ಅವರು ತಡೆಯುತ್ತಾರಂತೆ. ‘ಆ ತೆಳು ಬೂಟು ಇನ್ನು ಬೇಡ. ಗೇಟಿನಿಂದ ಆಫೀಸಿಗೆ ಎಷ್ಟು ಹೆಜ್ಜೆ ಅಂತ ನಾನು ಯಾವತ್ತೂ ಎಣಿಸಿಲ್ಲ. ತೋಳು ಕೊಡ್ತೀಯಲ್ಲ?’

ನಾಳೆಯ ಪರೀಕ್ಷೆ ಕೈಬಿಟ್ಟೆ; ಬೂಟು ಒರೆಸುತ್ತಿದ್ದೇನೆ. ಮೂರು ವರ್ಷದ ಧೂಳು, ಹೋಗುತ್ತಲೇ ಇಲ್ಲ.